ನಾಲಿಗೆಯ ಹಿಂಬದಿ ಮತ್ತು ಬಿಪಿ

ಬೀಟ್‌ರೂಟ್ ಪಲ್ಯ, ದಂಟಿನ ಸೊಪ್ಪಿನ ಸಾರು ಉಂಡಾಗ ಅದರಲ್ಲಿನ ನೈಟ್ರೇಟ್ ರಕ್ತಕ್ಕೆ ಸೇರುತ್ತದೆ. ಸುಮಾರು ಕಾಲು ಭಾಗವನ್ನು ಲಾಲಾಗ್ರಂಥಿಗಳು ಹೀರಿ ಮತ್ತೆ ಬಾಯಿಗೇ ತರುತ್ತವೆ. ನಾಲಿಗೆಯ ಹಿಂಬದಿಯ ಸಂದುಗಳಲ್ಲಿ, ಗಾಳಿ ಕಡಿಮೆ ಇರುವಲ್ಲಿ, ವೇಲೋನೆಲ್ಲಾದಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ. ನುಂಗಿದ ಮೇಲೆ ಅದರಿಂದಲೇ ನೈಟ್ರಿಕ್ ಆಕ್ಸೈಡ್ ಹುಟ್ಟಿ ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ. ಎಂಥ ಅಚ್ಚುಕಟ್ಟಾದ ಏರ್ಪಾಡು!

ಹಾಗಾಗಿ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದ ಮೌತ್‌ವಾಶನ್ನು ದಿನಚರಿ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ವಾರ ಬಳಸಿದ ಆರೋಗ್ಯವಂತರಲ್ಲೂ ಬಿಪಿ 2–3 ಅಂಕ ಏರಿದ್ದು ಅಧ್ಯಯನದಲ್ಲಿ ಕಂಡಿದೆ. ವಸಡಿನ ಶಸ್ತ್ರಚಿಕಿತ್ಸೆಯ ನಂತರವಾದರೆ ವೈದ್ಯರು ಹೇಳಿದಷ್ಟು ದಿನ ಬಿಡದೆ ಬಳಸಿ. 0.2% ದ್ರಾವಣ 10 ಮಿ.ಲೀ., ಒಂದು ನಿಮಿಷ. ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟೇ ಮುಕ್ಕಳಿಸಿ. ಪೇಸ್ಟಿನಲ್ಲಿ ನೊರೆ ಬರಿಸುವ ಅಂಶ ಔಷಧಕ್ಕೆ ಅಂಟಿಕೊಂಡು ಅದರ ಶಕ್ತಿ ಕುಂದಿಸುತ್ತದೆ.