ಭೂಗೋಳದ ಪಾಠ ಹಿಡಿದು ಅಂತರಗಂಗೆ ಬೆಟ್ಟಕ್ಕೆ

ಎಂಟನೇ ತರಗತಿಯ ಮಕ್ಕಳಿಗೆ ಶಿಲೆ, ಶಿಥಿಲೀಕರಣ, ಅಂತರ್ಜಲ ಕಲಿಸುವ ಮೇಷ್ಟ್ರುಗಳಿಗೆ, ತಂದೆತಾಯಿಗಳಿಗೆ ನನ್ನ ಒತ್ತಾಯ ಇದು: ಪಾಠ ಮುಗಿದ ವಾರದಲ್ಲೇ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೊರಡಿ. ಬೆಂಗಳೂರಿನಿಂದ 70 ಕಿ.ಮೀ. ಆಸುಪಾಸು. ಕೋಲಾರ ಪೇಟೆಯಿಂದ ಆಟೊ ಸಿಗುತ್ತದೆ. ನಾವು ಶಾಲೆಯ ಮಕ್ಕಳನ್ನು ಕರೆದೊಯ್ದದ್ದು ಡಿಸೆಂಬರ್‌ನಲ್ಲಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಬೇಸಿಗೆಯಲ್ಲಿ ಕಾದು ಕೂರಲಾಗುವುದಿಲ್ಲ. ಬಿಸಿಲೇರುವ ಮುನ್ನ ಮೆಟ್ಟಿಲು ಹತ್ತಿಬಿಡಿ.

ಮಕ್ಕಳನ್ನು ನೇರ ಗುಹೆಗೆ ಓಡಲು ಬಿಡಬೇಡಿ. ಮೊದಲು ಒಂದೇ ಬಂಡೆಯ ಸುತ್ತ ಅರ್ಧ ಗಂಟೆ ಕೂರಿಸಿ, ಭೂತಗನ್ನಡಿ ಕೊಡಿ. ಹಳೆಯ ಬಂಡೆಯ ಮೈ ಮಾಸಿರುವುದರಿಂದ ಹೊಸದಾಗಿ ಒಡೆದ ಜಲ್ಲಿಕಲ್ಲು ನಾಲ್ಕಾರು ಜೊತೆಗಿರಲಿ, ಬೆಟ್ಟದ ಕಲ್ಲು ಒಡೆಯಬೇಡಿ. ಗಾಜಿನಂತೆ ಕಾಣುವುದು ಬೆಣಚು, ಬಿಳಿ ಇಲ್ಲವೇ ನಸುಗೆಂಪು ಹರಳು ಫೆಲ್ಡ್‌ಸ್ಪಾರ್, ಮಿನುಗುವ ಕರಿ ಚುಕ್ಕೆ ಕಾಗೆಬಂಗಾರ. ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ ಇವೆಯೆಂದರೆ ಶಿಲಾರಸ ನೆಲದಾಳದಲ್ಲಿ ಬಹಳ ನಿಧಾನವಾಗಿ ಆರಿದೆ ಎಂದರ್ಥ. ಇದನ್ನು ನಾನು ಹೇಳುವ ಮೊದಲೇ ಒಬ್ಬ ಹುಡುಗಿ ಹೇಳಿದಳು, ನನಗೆ ಅಷ್ಟೇ ಸಾಕಾಯಿತು.

ದೇವಸ್ಥಾನದ ಮೇಲಿನ ಗುಹೆಗಳು ಸುಣ್ಣಕಲ್ಲು ಕರಗಿ ಆದವಲ್ಲ. ನೆಲದೊಳಗಿದ್ದಾಗಲೇ ಬಂಡೆಯ ಬಿರುಕುಗಳಿಗೆ ನೀರು ಇಳಿದು, ಫೆಲ್ಡ್‌ಸ್ಪಾರ್ ಜೇಡಿಯಾಗಿ, ಮೂಲೆಗಳು ಸವೆದು ಗುಂಡಾದವು. ಸುತ್ತಲ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಉಳಿದವು. ಅವುಗಳ ನಡುವಿನ ಸಂದುಗಳೇ ಗುಹೆ. ಒಂದು ಪುಟ್ಟ ಶೀಶೆಯಲ್ಲಿ ವಿನೆಗರ್, ಜೊತೆಗೆ ಮೊಟ್ಟೆಯ ಚಿಪ್ಪು ಒಯ್ಯಿರಿ: ಸುಣ್ಣವಿರುವ ಚಿಪ್ಪಿನ ಮೇಲೆ ಗುಳ್ಳೆ ಏಳುತ್ತದೆ, ಜಲ್ಲಿಕಲ್ಲಿನ ಮೇಲೆ ಏಳುವುದಿಲ್ಲ. ಗುಹೆಯೊಳಗೆ ಟಾರ್ಚ್ ಬೇಕೇ ಬೇಕು, ದಾರಿ ಗೊತ್ತಿರುವ ಸ್ಥಳೀಯರೊಬ್ಬರು ಮುಂದಿರಲಿ. ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು ಇಲ್ಲದಿದ್ದರೆ ಗುಹೆ ಬಿಟ್ಟುಬಿಡಿ.

ನಾವು ಹೆಚ್ಚು ಹೊತ್ತು ನಿಂತದ್ದು ಕಾಶಿ ವಿಶ್ವೇಶ್ವರನ ಗುಡಿಯ ಕಲ್ಯಾಣಿಯ ಬಳಿ. ಬಸವನ ಬಾಯಿಂದ ನೀರು ಬೀಳುತ್ತಲೇ ಇತ್ತು. “ಮಿಸ್, ಮೋಟ್ರೇ ಇಲ್ವಲ್ಲ, ನೀರು ಹೆಂಗೆ ಬತ್ತದೆ?” ಸಾವಿರ ಅಡಿ ಕೊರೆಸಿಯೂ ಬೋರ್‌ವೆಲ್ ಬತ್ತುವುದನ್ನು ಕಂಡ ಮಕ್ಕಳು ಕೇಳಲೇಬೇಕಾದ ಪ್ರಶ್ನೆ. ಬೆಟ್ಟದ ಮೇಲೆ ಬಿದ್ದ ಮಳೆ ಸಡಿಲ ಮಣ್ಣಿಗೂ ಬಿರುಕುಗಳಿಗೂ ಇಂಗಿ ಮೆಲ್ಲಗೆ ಇಳಿಯುತ್ತದೆ. ಕೆಳಗೆ ಬಿರುಕಿಲ್ಲದ ಗಟ್ಟಿ ಬಂಡೆ ಸಿಕ್ಕರೆ ಪಕ್ಕಕ್ಕೆ ಸರಿದು, ಇಳಿಜಾರಿನಲ್ಲಿ ಬಾಯಿ ಕಂಡಲ್ಲಿ ಒಸರುತ್ತದೆ. ಗಟ್ಟಿ ಬಂಡೆ ತಾನಾಗಿ ನೀರು ಹಿಡಿಯುವುದಿಲ್ಲ, ಹಿಡಿಯುವುದು ಅದರ ಬಿರುಕು. ಒಬ್ಬರ ಹೊಲದಲ್ಲಿ ನೀರು ಬಂದು ಪಕ್ಕದ ಹೊಲದಲ್ಲಿ ಬರೀ ಧೂಳು ಏಳುವುದೂ ಇದರಿಂದಲೇ. ನಮ್ಮ ಜಿಲ್ಲೆಯ ಮಕ್ಕಳು ಇದನ್ನು ಪರೀಕ್ಷೆಗೆ ಓದಿದರೆ ಸಾಲದು, ಮನೆಯಲ್ಲಿ ಅಪ್ಪನಿಗೆ ವಿವರಿಸುವಂತಾಗಬೇಕು.

ಸಮಯವಿದ್ದರೆ ಮಧ್ಯಾಹ್ನ ಕೆಜಿಎಫ್ ಕಡೆ ಹೋಗಬಹುದು. ಅಲ್ಲಿ ಕಲ್ಲೇ ಬೇರೆ: ಲಾವಾ ಗಟ್ಟಿಯಾಗಿ, ಆಮೇಲೆ ಒತ್ತಡಕ್ಕೂ ಕಾವಿಗೂ ಸಿಕ್ಕಿ ಬದಲಾದ ಕಪ್ಪು ರೂಪಾಂತರ ಶಿಲೆ, ವಯಸ್ಸು ಸುಮಾರು 270 ಕೋಟಿ ವರ್ಷ. ಅದನ್ನು ಸೀಳಿದ ಬೆಣಚಿನ ಎಳೆಗಳಲ್ಲೇ ಚಿನ್ನ ಇದ್ದದ್ದು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು. ಆಳಕ್ಕಿಳಿದಂತೆ ಭೂಮಿ ಬಿಸಿಯಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಒಳಗೆ ಇಳಿಯುವ ಆಸೆ ಹುಟ್ಟಿಸಬೇಡಿ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳನ್ನು ದೂರದಿಂದ ತೋರಿಸಿದರೆ ಸಾಕು. ಆ ಧೂಳಿನಲ್ಲಿ ಮಕ್ಕಳು ಆಡಬಾರದು.

ಬೆಟ್ಟದಲ್ಲಿ ಕೋತಿಗಳ ಕಾಟ ಜೋರು, ತಿಂಡಿ ಚೀಲ ಕೈಯಲ್ಲಿ ಹಿಡಿದು ನಡೆಯಬೇಡಿ. ಹಿಡಿತವಿರುವ ಬೂಟು, ತಲೆಗೊಂದು ಟೋಪಿ, ಒಬ್ಬೊಬ್ಬರಿಗೂ ನೀರಿನ ಬಾಟಲಿ ಇರಲಿ. ಕಲ್ಲಿನ ಚಿತ್ರ ಬರೆಯಲು ಗೆರೆಯಿಲ್ಲದ ನೋಟ್‌ಬುಕ್ ಕೊಡಿ.