ಗಾಳಿಗಾಗಿ ಕಾಯಬೇಕಾದ ಊರು

ಕಳೆದ ವಾರ ಎರಡು ದಿನ ಇಲ್ಲಿ, ಇಸ್ತಾಂಬುಲ್‌ನಲ್ಲಿ, ಫೆರ್ರಿ ಓಡಲಿಲ್ಲ. ಕಾದಿಕೊಯ್ ದಡದ ಬೋರ್ಡಿನಲ್ಲಿ ಎಲ್ಲ ಹೊತ್ತಿನ ಮುಂದೆಯೂ 'ರದ್ದು' ಅಂತಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ಅಜ್ಜ ಹಣೆ ಒತ್ತಿಕೊಳ್ಳುತ್ತ ಒಂದೇ ಮಾತು ಹೇಳಿದರು: "ಲೊಡೊಸ್." ಈ ಊರಲ್ಲಿ ತೆಂಕಣದಿಂದ ಬೀಸುವ ಗಾಳಿಗೆ ಆ ಹೆಸರು. ತಲೆನೋವು ಬಂದರೂ ಅದನ್ನೇ ಬೈಯುತ್ತಾರೆ, ಮನೆಯಲ್ಲಿ ಜಗಳ ಆದರೂ ಅದನ್ನೇ.

ಹಿಂದೆ ಹಡಗಿನವರು ಇದೇ ಗಾಳಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು. ಬಾಸ್ಫರಸ್ ಅಂದರೆ ಸುಮಾರು 30 ಕಿ.ಮೀ. ಉದ್ದದ ನೀರಿನ ಓಣಿ. ತೀರ ಕಿರಿದಾದ ಕಡೆ ಅಗಲ ಸುಮಾರು 700 ಮೀಟರ್ ಅಷ್ಟೇ. ಮೇಲ್ಮೈ ನೀರು ಉತ್ತರದ ಕಪ್ಪು ಸಮುದ್ರದಿಂದ ತೆಂಕಣದ ಮರ್ಮರ ಸಮುದ್ರದ ಕಡೆಗೆ ಇಳಿಯುತ್ತದೆ. ಗಾಳಿಯೂ ಜಾಸ್ತಿ ದಿನ ಉತ್ತರದ್ದೇ. ಹಾಯಿ ಹಡಗು ಅದಕ್ಕೆ ಎದುರಾಗಿ ಹತ್ತಬೇಕಾದರೆ ಲೊಡೊಸ್ ಬರಬೇಕು. ಬರುವ ತನಕ ಬಂದರಿನಲ್ಲಿ ಬಿದ್ದಿರಬೇಕು. ಸುಮ್ನೆ ಬಿದ್ದಿರೋಕೆ ಆಗುತ್ತಾ? ತಿನ್ನಬೇಕು, ಮಲಗಬೇಕು, ಒಂದಿಷ್ಟು ಮಾರಬೇಕು, ಸುಂಕ ಕಟ್ಟಬೇಕು. ಈ ಊರನ್ನೇ ರಾಜಧಾನಿ ಮಾಡಿಕೊಂಡಿದ್ದ ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಸಿರಿತನದ ಗುಟ್ಟು ಕೋಟೆಗಿಂತ ಹೆಚ್ಚಾಗಿ ಈ ಕಾಯುವಿಕೆಯಲ್ಲಿತ್ತು ಅಂತ ನನಗನ್ನಿಸುತ್ತದೆ.

ಫೆರ್ರಿ ಇಲ್ಲದ್ದರಿಂದ ಸಮುದ್ರದ ಅಡಿಯ ಮರ್ಮರಾಯ್ ರೈಲು ಹಿಡಿದು ಸಿರ್ಕೆಜಿಯಲ್ಲಿ ಇಳಿದೆ. ಮೇಲೆ ನಡೆದರೆ ಟ್ರಾಮ್ ಹಳಿಯ ಪಕ್ಕ ತಗ್ಗಿನಲ್ಲಿ ಒಂದು ಮುರುಕು ಕಲ್ಲುಕಂಬ ಸಿಗುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಅದರ ಹೆಸರು ಮಿಲಿಯನ್. ಸಾಮ್ರಾಜ್ಯದ ಎಲ್ಲ ದಾರಿಗಳ ದೂರವನ್ನು ಇಲ್ಲಿಂದಲೇ ಅಳೆಯುತ್ತಿದ್ದರು.

10ನೇ ಶತಮಾನದ ಊರಿನ ವ್ಯಾಪಾರ ನಿಯಮಗಳಲ್ಲಿ ಈ ಜಾಗದ ಮಾತು ಬರುತ್ತದೆ. ಮೆಣಸು, ದಾಲ್ಚಿನ್ನಿ, ಕಸ್ತೂರಿ, ಧೂಪ ಮಾರುವವರು ಮಿಲಿಯನ್‌ನಿಂದ ಅರಮನೆ ಬಾಗಿಲಿನವರೆಗೆ ಸಾಲಾಗಿ ಮೇಜು ಹಾಕಬೇಕಿತ್ತು. ಯಾಕೆ ಗೊತ್ತಾ? ಬಾಗಿಲ ಮೇಲಿನ ಕ್ರಿಸ್ತನ ಚಿತ್ರಕ್ಕೆ ಪರಿಮಳ ಏರಬೇಕು, ಅರಮನೆಯ ಮುಂಭಾಗ ಘಮಘಮ ಅನ್ನಬೇಕು. ಮಲಬಾರಿನ ಮೆಣಸು ಹತ್ತಾರು ಕೈ ದಾಟಿ ಬಂದು ಇಲ್ಲಿ ದೇವರಿಗೆ ಧೂಪವಾಗುತ್ತಿತ್ತು ಅಂತ ನೆನೆದು ಟ್ರಾಮ್ ಗದ್ದಲದಲ್ಲೇ ಸ್ವಲ್ಪ ಹೊತ್ತು ನಿಂತೆ. ಈಗ ಅಲ್ಲಿ ಸುಟ್ಟ ಜೋಳದ ವಾಸನೆ.

ಅದೇ ನಿಯಮಗಳಲ್ಲಿ ಸಿರಿಯಾದಿಂದ ಬಂದ ವ್ಯಾಪಾರಿಗಳಿಗೆ ಮೂರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ ಅಂತಿದೆ. ವಾಸದ ಕಾರ್ಡಿಗಾಗಿ ಈ ವರ್ಷ ಮೂರು ಸಲ ಸಾಲಿನಲ್ಲಿ ನಿಂತ ನನಗೆ ನಗು ಬಂತು.

ರೇಷ್ಮೆಯ ವಿಷಯದಲ್ಲಂತೂ ಬೈಜಾಂಟೈನರು ಮಹಾ ಜಿಪುಣರು. 6ನೇ ಶತಮಾನದಲ್ಲಿ, ಚಕ್ರವರ್ತಿ ಜಸ್ಟಿನಿಯನ್ ಕಾಲಕ್ಕೆ, ಸನ್ಯಾಸಿಗಳು ಹುಳುವಿನ ಮೊಟ್ಟೆ ತಂದುಕೊಟ್ಟ ಮೇಲೆ ಇಲ್ಲೇ ರೇಷ್ಮೆ ತೆಗೆಯತೊಡಗಿದರು. ಒಳ್ಳೆಯ ನೇರಳೆ ಬಟ್ಟೆ ಗಡಿ ದಾಟುವಂತಿರಲಿಲ್ಲ. 968ರಲ್ಲಿ ಪಶ್ಚಿಮದ, ಜರ್ಮನ್ನರ ಚಕ್ರವರ್ತಿ ಒಟ್ಟೋನ ರಾಯಭಾರಿಯಾಗಿ ಬಂದಿದ್ದ ಬಿಷಪ್ ಲಿಯುಟ್‌ಪ್ರಾಂಡ್ ಕೊಂಡಿದ್ದ ಐದು ನೇರಳೆ ಬಟ್ಟೆಗಳನ್ನು ಹೊರಡುವಾಗ ಕಿತ್ತುಕೊಂಡರು. ಆತ ಕೆಂಡವಾದ. ವೆನಿಸ್, ಅಮಾಲ್ಫಿಯ ವ್ಯಾಪಾರಿಗಳು ಇಂಥದ್ದನ್ನು ನಮ್ಮೂರಿಗೆ ತಂದು ಮಾರುತ್ತಲೇ ಇದ್ದಾರೆ ಎಂದು ಮುಖಕ್ಕೆ ಹೇಳಿದ.

ತೂತು ಆಗಲೇ ಬಿದ್ದಿತ್ತು. ಮುಂದೆ ರಾಜರೇ ಅದನ್ನು ಬಾಗಿಲು ಮಾಡಿಕೊಟ್ಟರು. ದಕ್ಷಿಣ ಇಟಲಿಯಿಂದ ದಾಳಿ ಮಾಡಿದ ನಾರ್ಮನ್ನರ ವಿರುದ್ಧ ಹಡಗುಗಳು ಬೇಕಾದಾಗ ಚಕ್ರವರ್ತಿ ಅಲೆಕ್ಸಿಯೋಸ್ 1082ರಲ್ಲಿ ವೆನಿಸ್‌ನವರಿಗೆ ಸುಂಕ ಮಾಫಿ ಮಾಡಿದ. ಉಳಿದವರು ನೂರಕ್ಕೆ ಹತ್ತು ಕಟ್ಟಬೇಕಿತ್ತು. 1204ರಲ್ಲಿ ಅದೇ ವೆನಿಸ್‌ನ ಹಡಗುಗಳಲ್ಲಿ ಬಂದ ಕ್ರುಸೇಡ್ ಯೋಧರು ಊರನ್ನು ದೋಚಿ ಹಿಡಿದುಕೊಂಡರು. ಕುದುರೆ ಪಂದ್ಯದ ಮೈದಾನದ ನಾಲ್ಕು ಲೋಹದ ಕುದುರೆಗಳು ಇವತ್ತಿಗೂ ವೆನಿಸ್‌ನಲ್ಲೇ ಇವೆ.

57 ವರ್ಷದ ಮೇಲೆ ಬೈಜಾಂಟೈನರಿಗೆ ಊರು ವಾಪಸ್ ಸಿಕ್ಕಿತು, ವ್ಯಾಪಾರ ಸಿಗಲಿಲ್ಲ. ಎದುರು ದಡದ ಗಲಾತಾದಲ್ಲಿ ಇಟಲಿಯ ಜೆನೋವಾದವರು ಕೂತರು. ಪ್ರವಾಸಿಗರು ಫೋಟೋ ತೆಗೆಯುವ ಆ ಗೋಪುರ 1348ರಲ್ಲಿ ಅವರೇ ಕಟ್ಟಿದ್ದು. ಆ ಕಾಲದ ಇತಿಹಾಸಕಾರ ಗ್ರೆಗೊರಾಸ್ ಕೊಟ್ಟ ಲೆಕ್ಕ ಹೀಗಿದೆ: ಗಲಾತಾದ ವರ್ಷದ ಸುಂಕ 2 ಲಕ್ಷ ಚಿನ್ನದ ನಾಣ್ಯ, ರಾಜಧಾನಿಯದು ಬರೀ 30 ಸಾವಿರ. ನಡುವೆ ಇರುವುದು ಹಾಲಿಚ್ ಅನ್ನುವ ಚಿಕ್ಕ ಕೊಲ್ಲಿ, ಸೇತುವೆ ಮೇಲೆ ನಡೆದರೆ ಹತ್ತು ನಿಮಿಷವೂ ಬೇಡ. 1347ರ ಪಟ್ಟಾಭಿಷೇಕದಲ್ಲಿ ಕಿರೀಟಕ್ಕೆ ಗಾಜಿನ ಹರಳು ಹಾಕಿದ್ದರಂತೆ. ಅಸಲಿ ಹರಳುಗಳು ವೆನಿಸ್‌ನಲ್ಲಿ ಅಡವಿದ್ದವು.

1453ರಲ್ಲಿ ಒಟ್ಟೋಮನ್ನರು ಬಂದರು. ಆದರೂ ಗಾಳಿಗಳ ಹೆಸರು ಹಳೆಯವೇ ಉಳಿದವು. ಗ್ರೀಕರ ನೋಟೊಸ್ ತುರ್ಕಿಯರ ಬಾಯಲ್ಲಿ ಲೊಡೊಸ್ ಆಯಿತು, ಉತ್ತರದ ಬೊರಿಯಾಸ್ ಪೊಯ್ರಾಜ್ ಆಯಿತು.

ಮೂರನೇ ದಿನ ಪೊಯ್ರಾಜ್ ಬೀಸಿತು, ಫೆರ್ರಿ ಹೊರಟಿತು. ಎಡಕ್ಕೆ ಹಳೆಯ ಊರು, ಬಲಕ್ಕೆ ಗಲಾತಾ ಗೋಪುರ. ಹಿಂದೆ ಮರ್ಮರದಲ್ಲಿ ಸರಕು ಹಡಗುಗಳು ಲಂಗರು ಹಾಕಿ ಸಾಲಾಗಿ ನಿಂತಿದ್ದವು, ಮೇಲೆ ಹೋಗಲು ಸರದಿ ಕಾಯುತ್ತ.