ಕೃತಕ ಕಾಲು ಮತ್ತು ಕಾಲುಚೀಲದ ಲೆಕ್ಕ

ಕೃತಕ ಕಾಲು ತಯಾರಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಮಂಡಿಯ ಕೆಳಗೆ ಕಾಲು ಕಳೆದುಕೊಂಡವರು. ಹೊಸ ಕಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಮನೆಯವರು ಮೊಬೈಲ್ ತೆಗೆದು ವಿಡಿಯೊ ಮಾಡುತ್ತಾರೆ. ಮಾಡಲಿ, ಸಂತೋಷದ ವಿಷಯವೇ. ಆದರೆ ಅವರು ಇನ್ನೊಬ್ಬರ ಹಂಗಿಲ್ಲದೆ ಬದುಕುತ್ತಾರೋ ಇಲ್ಲವೋ ಎಂಬುದು ನನಗೆ ತಿಳಿಯುವುದು ಅವರು ಕಾಲುಚೀಲ ಹಾಕಿಕೊಳ್ಳುವ ರೀತಿಯಿಂದ.

ಕತ್ತರಿಸಿ ಉಳಿದ ಭಾಗಕ್ಕೆ ನಾವು ಸ್ಟಂಪ್ ಎನ್ನುತ್ತೇವೆ. ಮೊದಲ ಹಲವು ತಿಂಗಳು ಅದು ಸಣ್ಣಗಾಗುತ್ತಲೇ ಇರುತ್ತದೆ. ಬೆಳಗಿನ ಗಾತ್ರ ಸಂಜೆಗೆ ಇರುವುದಿಲ್ಲ. ಅಚ್ಚು ತೆಗೆದು ಮಾಡಿದ ಸಾಕೆಟ್, ಅಂದರೆ ಸ್ಟಂಪ್ ಕೂರುವ ಕೃತಕ ಕಾಲಿನ ಗೂಡು, ಮಾತ್ರ ಇದ್ದ ಹಾಗೇ ಇರುತ್ತದೆ. ನಡುವಿನ ಸಡಿಲವನ್ನು ಸ್ಟಂಪಿಗೆ ಹಾಕುವ ಹತ್ತಿಯ ಕಾಲುಚೀಲದಿಂದ ತುಂಬಬೇಕು. ಚೀಲ ಸಾಲದಿದ್ದರೆ ಸ್ಟಂಪ್ ಆಳಕ್ಕೆ ಜಾರಿ ಮಂಡಿಚಿಪ್ಪಿನ ಕೆಳಅಂಚು ಒತ್ತುತ್ತದೆ. ಹೆಚ್ಚಾದರೆ ಸ್ಟಂಪ್ ಪೂರ್ತಿ ಇಳಿಯದೆ ಕೃತಕ ಕಾಲೇ ಉದ್ದವಾದಂತೆ ಅನಿಸುತ್ತದೆ.

ಹೂ ಮಾರುವ ಹೆಂಗಸೊಬ್ಬರು ನೋವೆಂದು ಬಂದಿದ್ದರು. ಏನು ಕೇಳಿದರೂ ಮಗನೇ ಉತ್ತರ ಕೊಡುತ್ತಿದ್ದ. ಬೆಳಗ್ಗೆ ಕಾಲು ಕಟ್ಟುವವನೂ ಅವನೇ, ರಾತ್ರಿ ಬಿಚ್ಚುವವನೂ ಅವನೇ. ಅವನನ್ನು ಚಹಾಕ್ಕೆ ಕಳಿಸಿ, “ಅಮ್ಮಾ, ಈಗ ನೀವು ಹೇಳಿ” ಎಂದೆ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು, “ಇಲ್ಲಿ ಸರ್, ಮಧ್ಯಾಹ್ನದ ಮೇಲೆ” ಎಂದರು. ಇನ್ನೊಂದು ಚೀಲ ಏರಿಸಿ ನಿಲ್ಲಿಸಿದೆ, ನೋವು ಹೋಯಿತು. ಆ ಬಳಿಕ ಹೂವಿನ ಬುಟ್ಟಿಯಲ್ಲೇ ಒಂದು ಚೀಲ ಇಟ್ಟುಕೊಂಡು, ಬೇಕೆನಿಸಿದಾಗ ತಾವೇ ಹಾಕಿಕೊಳ್ಳತೊಡಗಿದರು. ಸಕ್ಕರೆ ಕಾಯಿಲೆಯವರಲ್ಲಿ ಎಲ್ಲರಿಗೂ ಹೀಗೆ ನೋವು ತಿಳಿಯುವುದಿಲ್ಲ, ಸ್ಪರ್ಶವೇ ಕಡಿಮೆಯಾಗಿರುತ್ತದೆ. ಅಂಥವರು ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಕಾಲು ಬಿಚ್ಚಿ ಕಾಲು ಗಂಟೆಯಾದರೂ ಕೆಂಪು ಇಳಿಯದಿದ್ದರೆ ನಮ್ಮ ಬಳಿಗೆ ಬರಬೇಕು.

ಚಪ್ಪಲಿಯದು ಇನ್ನೊಂದು ಕಥೆ. ನಮ್ಮ ಮನೆಗಳಲ್ಲಿ ಅದು ಹೊಸ್ತಿಲಾಚೆಗೇ ಉಳಿಯುತ್ತದೆ. ಶೂವಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಪಾದದಲ್ಲಿ ಬರಿಗಾಲಲ್ಲಿ ನಿಂತರೆ ಕಾಲು ಹಿಂದಕ್ಕೆ ವಾಲಿ ಮಂಡಿ ಹಿಂದೆ ತಳ್ಳುತ್ತದೆ, ಸಮನೆಲವೇ ಏರಾಗಿಬಿಡುತ್ತದೆ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದದ ಜಾಣತನ ಇಲ್ಲೇ ಇದೆ: ಬರಿಗಾಲಲ್ಲಿ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ಅದಕ್ಕೇ ಅಳತೆಗೆ ಮುಂಚೆ ನಾನು ಮನೆಯ ವಿಷಯ ಕೇಳುತ್ತೇನೆ. ಶೌಚಾಲಯ ಯಾವ ಬಗೆಯದು, ಊಟಕ್ಕೆ ನೆಲದ ಮೇಲೆ ಕೂರುತ್ತೀರಾ, ಗದ್ದೆಗೆ ಇಳಿಯುತ್ತೀರಾ?

ಒಂದೇ ದಿನದಲ್ಲಿ ಅಳತೆ ತೆಗೆದು ಕಾಲು ಕೊಡುವ ಶಿಬಿರಗಳನ್ನು ನಾನು ಹೀಗಳೆಯುವುದಿಲ್ಲ. ದೂರದ ಊರಿನವರಿಗೆ ಅದೇ ಗತಿ. ಆದರೆ ಚೀಲದ ಲೆಕ್ಕ ಕಲಿಸಲು ಅಲ್ಲಿಯೂ ಅರ್ಧ ಗಂಟೆ ಎತ್ತಿಡಬೇಕು. ಚೀಲದ ಮೇಲೆ ಚೀಲ ಹಾಕಿದರೂ ಸಡಿಲವೆನಿಸಿದರೆ ಹೊಸ ಸಾಕೆಟ್ ಬೇಕು ಎಂಬುದನ್ನೂ ಹೇಳಿ ಕಳಿಸಬೇಕು. ಈಗ ಎಷ್ಟೋ ಜನ ಹಳೆಯ ಸಾಕೆಟ್ಟಿಗೆ ಬಟ್ಟೆ ತುರುಕಿಕೊಂಡು ಓಡಾಡಿ, ಹುಣ್ಣಾದ ಮೇಲೆ ನಮ್ಮ ಬಾಗಿಲಿಗೆ ಬರುತ್ತಾರೆ.